ಗೇಟಿನ ಮೇಲೆ ಮೂರು ಚುಕ್ಕಿ

ಮೂರು ಚುಕ್ಕಿ, ಅವುಗಳ ಕೆಳಗೆ ಒಂದು ಅಡ್ಡಗೆರೆ. ಗೆರೆಯ ಬಲತುದಿ ಸ್ವಲ್ಪ ಕೆಳಕ್ಕೆ ಬಾಗಿದೆ. ಒಟ್ಟು ಅಗಲ ಹನ್ನೊಂದು ಮಿಲಿಮೀಟರ್. ಊಟದ ಮೇಜಿಗೆ ಹಾಸುವ ಹಳೆಯ ಬಿಳಿ ಬಟ್ಟೆಯ ಮೂಲೆಯಲ್ಲಿ, ಅಂಚಿನ ಒಳಬದಿಗೆ ಆ ಗುರುತಿತ್ತು. ಬಟ್ಟೆ ಹಳದಿಗಟ್ಟಿತ್ತು, ಮಡಿಕೆಗಳು ಸವೆದು ಜಾಳಾಗಿದ್ದವು. ಗುರುತಿನ ಕಪ್ಪು ಮಾತ್ರ ನಿನ್ನೆ ಹಾಕಿದಂತಿತ್ತು. ಗೆರೆಯ ಕೆಳಗೆ ಇನ್ನೂ ಒಂದೆರಡು ಕಪ್ಪು ಕಲೆಗಳಿದ್ದವು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದೆ. ಆಮೇಲೆ ಕಚೇರಿಯಲ್ಲಿ ಕುಳಿತು, ಫೋಟೊ ಚೊಕ್ಕಟವಾಗಿ ಕಾಣಲೆಂದು ಕೆಳಗಿನ ಕಲೆಗಳನ್ನು ಕತ್ತರಿಸಿ ತೆಗೆದೆ.

ನಾನು ಕೆಲಸದಲ್ಲಿ ಮಾಡಿದ ತಪ್ಪುಗಳಲ್ಲಿ ಇಷ್ಟು ಚಿಕ್ಕದೂ ಇಲ್ಲ, ಇಷ್ಟು ದೊಡ್ಡದೂ ಇಲ್ಲ.

ಹಳೆಯ ಕಟ್ಟಡಗಳ ದಾಖಲೆ ಮಾಡುವ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಆರ್ಕಿಟೆಕ್ಟ್ ಮೇಡಂ ಕಟ್ಟಡಗಳನ್ನು ಅಳೆಯುತ್ತಾರೆ, ನಾನು ಕಾಗದಗಳನ್ನು ಓದುತ್ತೇನೆ. ಮೈಲಾಪೂರಿನಿಂದ ಆಟೋದಲ್ಲಿ ಹದಿನೈದು ನಿಮಿಷ ದೂರದ ಒಂದು ಕಾಲೊನಿಯ ನಿವಾಸಿಗಳ ಸಂಘ ತನ್ನ ಸ್ಮರಣ ಸಂಚಿಕೆಗಾಗಿ ಕಾಲೊನಿಯ ಚರಿತ್ರೆ ಬರೆದುಕೊಡಿ ಎಂದು ನಮ್ಮನ್ನು ಕೇಳಿತ್ತು. ಕಾಲೊನಿಯ ಹೆಸರು ಇಲ್ಲಿ ಬೇಡ. ನೇರವಾದ ಅಗಲ ರಸ್ತೆಗಳು, ಎರಡೂ ಕಡೆ ಮಳೆಮರಗಳು, ಆಳೆತ್ತರದ ಕಾಂಪೌಂಡುಗಳು, ಪ್ರತಿ ಗೇಟಿಗೂ ಒಬ್ಬ ಕಾವಲುಗಾರ ಎಂದರೆ ಚೆನ್ನೈ ಬಲ್ಲವರಿಗೆ ಸಾಕು. ಒಬ್ಬ ಇಂಗ್ಲಿಷ್ ವ್ಯಾಪಾರಿಯ ತೋಟದ ಬಂಗಲೆ ಅಲ್ಲಿತ್ತು, ತೋಟವನ್ನು ಸೈಟುಗಳಾಗಿ ಒಡೆದು ಕಾಲೊನಿ ಎದ್ದಿತು ಎಂಬುದು ಅಲ್ಲಿಯವರು ಮಕ್ಕಳಿಗೂ ಹೇಳಿಕೊಟ್ಟಿರುವ ಕಥೆ. ‘ದೊರೆ ತೋಟ’ ಎನ್ನುತ್ತಾರೆ.

ಸಂಘದ ಕಾರ್ಯದರ್ಶಿ ಕನ್ನಡದವರು. ತಲೆಮಾರುಗಳ ಹಿಂದೆ ಮದ್ರಾಸಿಗೆ ಬಂದ ವೈಷ್ಣವ ಮನೆತನ. ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಮ್ಮ ಕಚೇರಿಯನ್ನು ಅವರು ಆರಿಸಿದ್ದಕ್ಕೆ ನನ್ನ ಹೆಸರೂ ಒಂದು ಕಾರಣವೆಂದು ಮೊದಲ ದಿನವೇ ಹೇಳಿದರು.

“ಸರ್ ಅಂತೀಯಾ? ಮಾಮಾ ಅನ್ನಮ್ಮಾ. ಕನ್ನಡ ಮಾತಾಡೋ ಹುಡುಗಿ ಈ ಊರಲ್ಲಿ ಎಲ್ಲಿ ಸಿಕ್ತಾಳೆ? ನನ್ನ ಮೊಮ್ಮಗಳನ್ನ ಕನ್ನಡದಲ್ಲಿ ಕೂಗಿದ್ರೆ ‘ಎನ್ನ ತಾತಾ’ ಅಂತ ತಮಿಳಲ್ಲೇ ಕೇಳ್ತಾಳೆ. ನಿಮ್ಮ ಮನೆ ಎಲ್ಲಿ?”

“ಪುರಸೈವಾಕ್ಕಂ.”

“ಅಪ್ಪ?”

“ರೈಲ್ವೇಲಿದ್ರು.”

“ಶರಿ, ಶರಿ. ಬರೀವಾಗ ಒಂದು ಮಾತ್ರ ನೆನಪಿಟ್ಟುಕೋ. ಇದು ಸೌವೆನೀರು, ಕೋರ್ಟಿನ ಫೈಲಲ್ಲ. ಓದಿದೋರಿಗೆ ‘ಅಡಡಾ, ಎಂಥಾ ಜಾಗ’ ಅನ್ನಿಸಬೇಕು, ಅಷ್ಟೇ.”

ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಅವರನ್ನು ಮಾಮಿ ಎಂದೆ. ಅವರು ಸ್ವಲ್ಪ ನಕ್ಕರು.

ನಾನು ಪ್ರತಿ ಮನೆಯಲ್ಲೂ ಮೂರು ವಸ್ತು ಕೇಳುತ್ತಿದ್ದೆ: ಅತಿ ಹಳೆಯ ಪತ್ರ, ಅತಿ ಹಳೆಯ ಫೋಟೊ, ಅತಿ ಹಳೆಯ ಬಟ್ಟೆ. ಬಟ್ಟೆ ಕೇಳುವುದು ನನ್ನದೇ ಪದ್ಧತಿ. ಪತ್ರಗಳು ಬ್ಯಾಂಕಿನ ಲಾಕರಿನಲ್ಲಿರುತ್ತವೆ, ಫೋಟೊಗಳನ್ನು ಯಾವುದೋ ಮಗ ವಿದೇಶಕ್ಕೆ ಒಯ್ದಿರುತ್ತಾನೆ; ಟ್ರಂಕಿನ ತಳದ ಬಟ್ಟೆ ಮಾತ್ರ ಉಳಿದಿರುತ್ತದೆ. ಮೂರು ಚುಕ್ಕಿಯ ಗುರುತು ಮೊದಲು ಸಿಕ್ಕಿದ್ದು ಕಾರ್ಯದರ್ಶಿಯವರ ಮನೆಯ ಮೇಜುಹಾಸಿನಲ್ಲಿ. ಆಮೇಲೆ ಇನ್ನೊಂದು ಮನೆಯ ದಿಂಬಿನ ಚೀಲದಲ್ಲಿ, ಮತ್ತೊಂದು ಮನೆಯಲ್ಲಿ ತಾತನ ಪಂಚೆಯ ಅಂಚಿನಲ್ಲಿ. ಹೀಗೆ ಏಳು ಮನೆಗಳಲ್ಲಿ ಸಿಕ್ಕಿತು. ಏಳೂ ಕಡೆ ಅದೇ ಮೂರು ಚುಕ್ಕಿ, ಅದೇ ಬಾಗಿದ ಗೆರೆ. ಕೆಳಗಿನ ಕಲೆಗಳು ಮಾತ್ರ ಒಂದರಂತೆ ಒಂದಿರಲಿಲ್ಲ. ಒಂದರಂತೆ ಒಂದಿಲ್ಲದ್ದರಿಂದಲೇ ಅವು ಕಲೆಗಳು ಎಂದು ತೀರ್ಮಾನಿಸಿದೆ.

ನನ್ನ ಊಹೆ ಹೀಗಿತ್ತು: ಬಂಗಲೆ ಮಾರಿದಾಗ ಅದರ ಸಾಮಾನು ಹರಾಜಾಗಿರಬೇಕು, ಬಟ್ಟೆಬರೆ ಸುತ್ತಲಿನ ಮನೆಗಳಿಗೆ ಹಂಚಿಹೋಗಿರಬೇಕು, ಆದ್ದರಿಂದ ಗುರುತು ಮೂಲ ಎಸ್ಟೇಟಿನದು. ಒಂದು ಪಂಚೆ ಇಂಗ್ಲಿಷ್ ವ್ಯಾಪಾರಿಯ ಹರಾಜಿನಲ್ಲಿ ಏಕಿತ್ತು ಎಂದು ನಾನು ಕೇಳಿಕೊಳ್ಳಲಿಲ್ಲ. ಕರಡಿನಲ್ಲಿ ಫೋಟೊದ ಕೆಳಗೆ ‘ಎಸ್ಟೇಟಿನ ಗುರುತು’ ಎಂದು ಬರೆದೆ. ಕಾರ್ಯದರ್ಶಿ ಅದನ್ನು ಓದಿ ಕುರ್ಚಿಯಿಂದ ಎದ್ದೇಬಿಟ್ಟರು.

“ದೊರೆಯ ಮುದ್ರೆ! ಇಷ್ಟು ವರ್ಷ ನಮ್ಮ ಮನೆ ಟ್ರಂಕಲ್ಲೇ ಇತ್ತು, ನೋಡು!”

ಎರಡು ವಾರದಲ್ಲಿ ಅದು ಸಂಘದ ಲಾಂಛನವಾಯಿತು. ಪತ್ರದ ತಲೆಯಲ್ಲಿ, ಬೆಳಗಿನ ನಡಿಗೆಯವರ ಟೀ ಶರ್ಟಿನಲ್ಲಿ, ನೀರಿನ ಬಾಟಲಿಯ ಮೇಲೆ ಬಂತು. ಎರಡನೆಯ ಆಧಾರ ಸಿಗುವವರೆಗೆ ಕಾಯಿರಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಕೆ ನನಗೆ ಅಪರೂಪ, ಅದು ಹಿತವಾಗಿತ್ತು.

ಅದೇ ವಾರ ಅವರು ಇನ್ನೊಂದು ಸಣ್ಣ ಕೆಲಸ ಕೊಟ್ಟರು. ಕಾಲೊನಿಯ ದಕ್ಷಿಣದಂಚಿನಲ್ಲಿ ಹತ್ತಡಿ ಅಗಲದ ಒಂದು ಓಣಿಯಿದೆ. ಅದರ ಮೇಲೆ ಒಂದು ಪುಟದ ಟಿಪ್ಪಣಿ ಬೇಕು, ಸಂಚಿಕೆಗೆ ಎಂದರು. ಓಣಿಯ ಪಕ್ಕದ ನಾಲ್ಕು ಮನೆಗಳ ಕ್ರಯಪತ್ರಗಳ ಪ್ರತಿಗಳನ್ನೂ ಅವರೇ ಕೊಟ್ಟರು. ಪ್ರತಿ ಪತ್ರದ ಕೊನೆಗೂ ನಾಲ್ಕು ದಿಕ್ಕಿನ ಗಡಿ ಬರೆದ ಚಕ್ಕುಬಂದಿ ಇರುತ್ತದೆ. ನಾಲ್ಕರಲ್ಲೂ ದಕ್ಷಿಣಕ್ಕೆ ‘ಸೇವಾ ಓಣಿ’ ಎಂದಿತ್ತು. ಓಣಿಯು ಹಳೆಯ ಎಸ್ಟೇಟಿನ ಒಳದಾರಿ, ಬಂಗಲೆಯ ಕೆಲಸದವರು ಓಡಾಡಲು ಬಿಟ್ಟದ್ದು ಎಂದು ಬರೆದು, ಕೆಳಗೆ ನನ್ನ ಹೆಸರು, ಪದವಿ, ಸಹಿ ಹಾಕಿದೆ. ಆ ನಾಲ್ಕೂ ಪತ್ರಗಳು ಸೈಟುಗಳಾದ ಮೇಲಿನವು. ಅವಕ್ಕೂ ಹಿಂದಿನ ಮೂಲಪತ್ರ ಎಲ್ಲಿ ಎಂದು ಕೇಳುವುದು ನನ್ನ ವೃತ್ತಿಯ ಮೊದಲ ಪಾಠ. ಆ ಪಾಠವನ್ನು ಬಿಟ್ಟು ಸಹಿ ಹಾಕಿದೆ. ಓಣಿ ಎಲ್ಲಿಗೆ ಹೋಗುತ್ತದೆಂದು ನಡೆದೂ ನೋಡಿರಲಿಲ್ಲ. ಸಂಘದವರು ಕೊಟ್ಟ ನಕ್ಷೆಯಲ್ಲಿ ಅದು ಕಾಲೊನಿಯ ಗಡಿಗೆ ಬಂದು ನಿಂತುಬಿಟ್ಟಿತ್ತು.

ಮನೆಗಳ ಮುಂಭಾಗದ ಫೋಟೊಗಳಿಗೆ ಎಳೆಬಿಸಿಲು ಬೇಕೆಂದು ಒಂದು ದಿನ ಬೆಳಗ್ಗೆ ಆರೂವರೆಗೇ ಹೋದೆ. ಓಣಿಯ ಬಾಯಿಯಲ್ಲಿ ಒಂದು ಲಾರಿ ನಿಂತಿತ್ತು. ನಾಲ್ಕು ಜನ ಒಂದು ಕಬ್ಬಿಣದ ಗೇಟನ್ನು ಇಳಿಸಿ ಗೋಡೆಗೆ ಒರಗಿಸುತ್ತಿದ್ದರು. ಗೇಟಿನ ನಡುವೆ, ಗೇಣುದ್ದದ ಕಬ್ಬಿಣದಲ್ಲಿ, ಮೂರು ಚುಕ್ಕಿ, ಒಂದು ಬಾಗಿದ ಗೆರೆ.

ಲಾರಿಯ ಹಿಂದೆ, ಓಣಿಯ ಒಳಗಡೆ, ಬಿಳಿ ಗಂಟುಗಳನ್ನು ಪೇರಿಸಿದ ಒಂದು ಮೂರುಚಕ್ರದ ಗಾಡಿ ದಾರಿ ಕಾಯುತ್ತಿತ್ತು. ಅದನ್ನು ತಳ್ಳುತ್ತಿದ್ದ ನಡುವಯಸ್ಸಿನ ಹೆಂಗಸಿನ ಪಕ್ಕದಲ್ಲಿ ಒಬ್ಬ ಮುದುಕಿ. ಮುದುಕಿ ಗೇಟಿನ ಹತ್ತಿರ ಬಂದು, ಕಬ್ಬಿಣದ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನಗತೊಡಗಿದಳು. ಅವಳು ಆಡಿದ್ದು ತಮಿಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇದ್ಯಾರಪ್ಪ ನಮ್ಮ ಗುರುತನ್ನ ಕಬ್ಬಿಣದಲ್ಲಿ ಮಾಡಿಸಿರೋದು? ಕೆಳಗೆ ಮನೆ ಗುರುತೇ ಇಲ್ವಲ್ಲ. ಒಗೆದ ಮೇಲೆ ಇದನ್ನ ಯಾರ ಮನೆಗೆ ಕೊಡೋದು?”

ಕಾವಲುಗಾರನೂ ನಕ್ಕ. “ಹೋಗು ಆಯಾ, ಹೋಗು. ಇನ್ನೆರಡು ವಾರ ನಗು. ಆಮೇಲೆ ನಿಮಗೆ ಕಾಲುವೆ ದಾರಿನೇ.”

ನಾನು ಅವಳನ್ನು ಹಿಂಬಾಲಿಸಿ, “ಪಾಟ್ಟಿ, ಅದು ನಿಮ್ಮ ಗುರುತಾ?” ಎಂದು ಕೇಳಿದೆ.

“ಪಾಟ್ಟಿ ಎಲ್ಲಾ ಬಂಗಲೆಯೋರಿಗೆ. ನನ್ನನ್ನ ಆಯಾ ಅನ್ನು,” ಎಂದಳು. ಎರಡಕ್ಕೂ ಅರ್ಥ ಅಜ್ಜಿ; ಆ ಬೀದಿಗಳ ತಮಿಳಿನಲ್ಲಿ ಆಯಾ ಎನ್ನುತ್ತಾರೆ. “ನಮ್ಮದು ಅಂದ್ರೆ ನಮ್ಮದು. ನಮ್ಮ ಅತ್ತೆಯ ಅತ್ತೆ ಹಾಕ್ತಿದ್ದದ್ದು.”

ಗಾಡಿ ತಳ್ಳುತ್ತಿದ್ದ ಹೆಂಗಸು ಅವಳ ಮಗಳು; ಅವಳು ಆಸ್ಪತ್ರೆಗೆ ಹೊರಟಳು. ಆಯಾ ನನ್ನನ್ನು ಓಣಿಯ ಇನ್ನೊಂದು ತುದಿಗೆ ಕರೆದೊಯ್ದಳು. ನನ್ನ ನಕ್ಷೆ ಮುಗಿದಲ್ಲಿಂದ ಇನ್ನೂರು ಹೆಜ್ಜೆಯಾಚೆ ದೋಬಿಖಾನಾ ಇತ್ತು: ಸಾಲು ಸಾಲು ಕಲ್ಲಿನ ತೊಟ್ಟಿಗಳು, ಒಗೆಯುವ ಕಲ್ಲುಗಳು, ಹಗ್ಗಗಳ ಮೇಲೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳು, ಹೋಟೆಲಿನ ಮೇಜುಹಾಸುಗಳು. ಹನ್ನೆರಡು ಕುಟುಂಬಗಳು ಅಲ್ಲಿ ಒಗೆಯುತ್ತವೆ. ಒಬ್ಬರ ಬಟ್ಟೆ ಇನ್ನೊಬ್ಬರ ತೊಟ್ಟಿಗೆ ಸೇರಬಾರದೆಂದು ಪ್ರತಿ ಬಟ್ಟೆಗೂ ಮೊದಲು ಒಗೆಯುವ ಕುಟುಂಬದ ಗುರುತು. ಅದರ ಕೆಳಗೆ, ಬಟ್ಟೆ ಯಾರದೋ ಆ ಮನೆಯ ಗುರುತು. ಕರಿಗೇರು ಬೀಜವನ್ನು ಸೂಜಿಯಿಂದ ಚುಚ್ಚಿ, ಅದರ ರಸದಿಂದ ಚುಕ್ಕಿ ಇಟ್ಟು, ಮೇಲೆ ಒದ್ದೆ ಸುಣ್ಣ ಒತ್ತುತ್ತಾರೆ. ಆ ಕಪ್ಪು ಎಷ್ಟು ಒಗೆದರೂ ಹೋಗುವುದಿಲ್ಲ. ರಸ ತಗಲಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಗುರುತು ಹಾಕುವ ಕೆಲಸ ಆ ಮನೆಯಲ್ಲಿ ಸೊಸೆಯರದ್ದು. ಆಯಾಳ ಬಲಗೈಯ ಎರಡು ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನುಣ್ಣಗೆ, ಕಪ್ಪಗೆ ಹೊಳೆಯುತ್ತಿದ್ದವು.

ನಾನು ಫೋನಿನಲ್ಲಿದ್ದ ಏಳು ಫೋಟೊಗಳನ್ನು ತೋರಿಸಿದೆ. ಅವಳು ಒಂದೊಂದನ್ನೂ ದೂರ ಹಿಡಿದು ನೋಡಿದಳು.

“ಇದೇನು ಪಾಪಾ, ಎಲ್ಲದಕ್ಕೂ ತಲೆ ಇದೆ, ಕಾಲಿಲ್ಲ?” ಎಂದಳು. ಪಾಪಾ ಎಂದರೆ ಮಗು.

“ಕೆಳಗಿನದನ್ನ ನಾನೇ ಕತ್ತರಿಸಿದೆ.”

“ಯಾಕೆ?”

“ಕೊಳೆ ಅಂದುಕೊಂಡೆ.”

ಅವಳು ಫೋನನ್ನು ನನ್ನ ಕೈಗೆ ವಾಪಸು ಇಟ್ಟಳು. “ಕೈ ಸುಟ್ಟುಕೊಂಡು ನಾವು ಹಾಕಿದ್ದು. ನಿನಗೆ ಕೊಳೆ.”

ನನಗೆ ಸಿಟ್ಟು ಬರುವುದು ಕಡಿಮೆ, ಬಂದರೂ ತೋರಿಸುವುದಿಲ್ಲ. ಅಂದು ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಮೈ ಬಿಸಿಯಾಯಿತು. ಅದು ಪೂರ್ತಿ ನನ್ನ ಮೇಲೆಯೇ ನಿಲ್ಲಲಿಲ್ಲ ಎಂಬುದಕ್ಕೆ ಅಲ್ಲಿನ ಗೋಡೆಗೆ ಅಂಟಿಸಿದ್ದ ಒಂದು ಕಾಗದ ಕಾರಣ. “ಓದು ಪಾಪಾ. ನನ್ನ ಮೊಮ್ಮಗ ಓದಿದ, ಅವನು ಅರ್ಧ ಬಿಟ್ಟು ಓದ್ತಾನೆ,” ಎಂದಳು ಆಯಾ. ಅದು ನಗರಪಾಲಿಕೆಯ ವಲಯ ಕಚೇರಿಯ ಸೂಚನಾಪತ್ರ. ಸದರಿ ಓಣಿ ಖಾಸಗಿ ದಾರಿಯಾದ್ದರಿಂದ ಗೇಟು ಹಾಕಲು ಅನುಮತಿ ಕೊಡಬೇಕೆಂದು ನಿವಾಸಿಗಳ ಸಂಘ ಅರ್ಜಿ ಹಾಕಿದೆ; ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಬರೆದು ಕೊಡಬೇಕು. ಕೆಳಗೆ ಸಂಘದವರು ಲಗತ್ತಿಸಿದ ಕಾಗದಗಳ ಪಟ್ಟಿ. ಒಂದು, ಸಂಘದ ನಿರ್ಣಯ. ಎರಡು, ನಾಲ್ಕು ಕ್ರಯಪತ್ರಗಳ ಪ್ರತಿ. ಮೂರು, ಚರಿತ್ರೆಯ ಸಂಶೋಧಕಿಯ ಟಿಪ್ಪಣಿ, ಮುಂದೆ ನನ್ನ ಪೂರ್ತಿ ಹೆಸರು.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಆ ಹೆಸರು ನನ್ನದೆಂದು ಹೇಳಲಿಲ್ಲ.

“ಮುಚ್ಚಿದ್ರೆ ಏನಾಗುತ್ತೆ?” ಎಂದು ಮಾತ್ರ ಕೇಳಿದೆ.

“ಆಸ್ಪತ್ರೆಗೆ ಏಳು ಗಂಟೆಗೆ ಬಟ್ಟೆ ಮುಟ್ಟಬೇಕು. ಕಾಲುವೆ ದಾರೀಲಿ ಮೇಲುಸೇತುವೆ ಹತ್ತಿ ಇಳಿದು ಹೋದ್ರೆ ಎಂಟೂವರೆ. ಎರಡು ದಿನ ತಡ ಆದ್ರೆ ಮೂರನೇ ದಿನ ಮೆಷಿನ್ನಿನವನಿಗೆ ಕೊಡ್ತಾರೆ. ಇನ್ನೇನು ಆಗಬೇಕು?”

ಮರುದಿನ ಕತ್ತರಿಸದ ಮೂಲ ಫೋಟೊಗಳನ್ನು ದೊಡ್ಡದಾಗಿ ಮುದ್ರಿಸಿ ಒಯ್ದೆ. ಯಾವ ಬಟ್ಟೆ ಯಾವ ಮನೆಯದೆಂದು ಹಿಂಬದಿಯಲ್ಲಿ ಬರೆದಿದ್ದೆ; ಅವಳಿಗೆ ಹೇಳಲಿಲ್ಲ. ಅವಳು ಕಲ್ಲಿನ ಮೇಲೆ ಹರಡಿಕೊಂಡು ನೋಡತೊಡಗಿದಳು.

“ಇದು ಬಾವಿ ಮನೆ. ಇದು ಡಾಕ್ಟರಮ್ಮನ ಮನೆ. ಇದು ವಕೀಲರ ಮನೆ, ಆಮೇಲೆ ಜಡ್ಜಿ ಆದ್ರು, ಆದ್ರೂ ಗುರುತು ಬದಲಾಯಿಸಲಿಲ್ಲ.” ಆರು ಸರಿಯಾದವು. ಕಾರ್ಯದರ್ಶಿಯವರ ಮನೆಯ ಮೇಜುಹಾಸನ್ನು ಮಾತ್ರ ಅವಳು “ಹುಣಿಸೆಮರದ ಮನೆ” ಎಂದಳು. ಅವರ ಮನೆಯಲ್ಲಿ ಹುಣಿಸೆಮರ ಎಂದೂ ಇರಲಿಲ್ಲ. ನಾನು ಎರಡು ಸಲ ಕೇಳಿದೆ. “ಪಾಪಾ, ಹುಣಿಸೆಮರ ಅಂದ್ರೆ ಹುಣಿಸೆಮರ,” ಎಂದಳು.

ಸಂಜೆ ಮಾಮಿಗೆ ಫೋನ್ ಮಾಡಿ, ಆ ಮೇಜುಹಾಸು ಯಾರದೆಂದು ಕೇಳಿದೆ. “ಅದಾ? ನಮ್ಮನೆಯದಲ್ಲಮ್ಮ. ನಮ್ಮತ್ತೆ ತವರಿಂದ ತಂದದ್ದು. ಅವರ ತವರು ಇಲ್ಲೇ ಎದುರು ಸಾಲು, ಈಗ ಫ್ಲಾಟ್ ಆಗಿದೆಯಲ್ಲ, ಅದು. ಮುಂದೆ ದೊಡ್ಡ ಹುಣಿಸೆಮರ ಇತ್ತಂತೆ,” ಎಂದರು. ನಾನು ಫೋನು ಇಟ್ಟೆ. ಎರಡು ತಿಂಗಳು ಆ ಕಾಲೊನಿಯ ಕಾಗದಗಳನ್ನು ಓದಿದ್ದೆ. ಓದು ಬಾರದ ಆಯಾಳ ತಲೆಯಲ್ಲಿದ್ದ ದಾಖಲೆ ನನ್ನದಕ್ಕಿಂತ ಸರಿಯಾಗಿತ್ತು.

ಆದರೂ ಗುರುತುಗಳಿಂದ ದಾರಿಯ ಹಕ್ಕು ಸಾಬೀತಾಗದು. ಅದಕ್ಕೆ ಮೂಲಪತ್ರವೇ ಬೇಕು. ನಾಲ್ಕೂ ಕ್ರಯಪತ್ರಗಳ ಒಳಗೆ ಅದರ ಸಂಖ್ಯೆ ಇತ್ತು, ನಾನು ನೋಡದೆ ಬಿಟ್ಟಿದ್ದೆ ಅಷ್ಟೆ. ನೋಂದಣಿ ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಟ್ಟೆ. ಸಂಖ್ಯೆ ಸರಿ, ಸಂಪುಟ ಬೇರೆ ಎಂದು ಅರ್ಜಿ ಒಮ್ಮೆ ವಾಪಸು ಬಂತು. ಸೂಚಿ ಪುಸ್ತಕದಲ್ಲಿ ಊರಿನ ಹಳೆಯ ಹೆಸರಿನಡಿ ಹುಡುಕಿ ಮತ್ತೆ ಕೊಟ್ಟೆ. ಆ ನಡುವೆ ಹಳೆಯ ಭೂಮಾಪನ ನಕ್ಷೆಯ ಪ್ರತಿಯೂ ಸಿಕ್ಕಿತು. ಒಂಬತ್ತು ದಿನ ಕಾದೆ. ನಕಲು ಕೈಗೆ ಬಂದಾಗ ಆಕ್ಷೇಪಣೆಗೆ ಉಳಿದದ್ದು ಒಂದೇ ದಿನ.

ನಕಲು, ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಎಸ್ಟೇಟು ಇದ್ದದ್ದು ಈಗಿನ ಕಾಲೊನಿಯ ಒಂದು ಮೂಲೆಯಲ್ಲಿ ಮಾತ್ರ. ಅದರ ದಕ್ಷಿಣದ ಗಡಿ ಓಣಿಗೆ ಮೊದಲೇ ಮುಗಿಯುತ್ತದೆ. ಓಣಿ ಮಾರಾಟಕ್ಕೆ ಸೇರಿಲ್ಲ. ಅದು ಮಡಿವಾಳರು ತಮ್ಮ ಬಯಲಿಗೆ ಹೋಗಿಬರುವ ದಾರಿ, ಕೊಂಡವರು ಅದನ್ನು ತಡೆಯತಕ್ಕದ್ದಲ್ಲ ಎಂದು ಪತ್ರ ಸ್ಪಷ್ಟವಾಗಿ ಹೇಳುತ್ತದೆ. ಇನ್ನುಳಿದ ಅಷ್ಟೂ ನೆಲ, ಅಂದರೆ ಇಂದು ಚೆನ್ನೈನಲ್ಲಿ ಕೊಳ್ಳಲು ಯೋಚಿಸಲೂ ಆಗದ ಆ ನೆಲ, ನಕ್ಷೆಯಲ್ಲಿ ಬಟ್ಟೆ ಒಣಗಿಸುವ ಬಯಲು. ಹಡಗು ಹತ್ತುವ ಬಟ್ಟೆಯನ್ನು ಒಗೆದು ಬಿಸಿಲಿಗೆ ಹರಡಿ ಬಿಳುಪು ಮಾಡುತ್ತಿದ್ದ ಜಾಗ. ಬಂಗಲೆಯ ಪಕ್ಕದಲ್ಲಿ ಗುರುತಿಸಿದ್ದು ತೋಟದ ಮನೆಯಲ್ಲ, ಬಟ್ಟೆಯ ಗೋದಾಮು. ಬಂಗಲೆಗಾಗಿ ಮಡಿವಾಳರು ಬಂದಿರಲಿಲ್ಲ. ಅವರು ಬಿಳುಪು ಮಾಡಿದ ಬಟ್ಟೆಗಾಗಿ ದೊರೆ ಬಂದಿದ್ದ. ಕಾಲೊನಿಯ ರಸ್ತೆಗಳು ಅಷ್ಟು ನೇರವಾಗಿರುವುದು ಅವು ಹಳೆಯ ಹಗ್ಗದ ಸಾಲುಗಳ ಮೇಲೆ ಬಂದದ್ದರಿಂದ ಎಂದು ಆಯಾ ಹೇಳುತ್ತಾಳೆ. ಅದಕ್ಕೆ ನನಗೆ ಆಧಾರ ಸಿಗಲಿಲ್ಲ. ಬಯಲಿಗೆ ಸಿಕ್ಕಿತು.

ಮಧ್ಯಾಹ್ನವೇ ಕಾರ್ಯದರ್ಶಿಯವರ ಮನೆಗೆ ಹೋದೆ. ಅವರು ನಕಲನ್ನು ಪೂರ್ತಿ ಓದಲಿಲ್ಲ. ಚಕ್ಕುಬಂದಿಯ ಪುಟವನ್ನು ನೇರವಾಗಿ ತೆರೆದು ನೋಡಿ, ಕನ್ನಡಕ ತೆಗೆದರು.

“ಶರಿ. ಇದು ನಿನ್ನ ಹತ್ರ ಬಿಟ್ಟು ಇನ್ಯಾರ ಹತ್ರ ಇದೆ?”

ಉತ್ತರ ಬಂದದ್ದು ನನ್ನಿಂದಲ್ಲ. ಕಾಫಿ ತಂದ ಮಾಮಿ ಕಾಗದದ ಮೇಲೆ ಬಗ್ಗಿ, “ಇದರ ಪ್ರತಿ ನಮ್ಮ ಬೀರುವಲ್ಲೇ ಇದೆಯಲ್ರೀ, ಕೆಂಪು ದಾರ ಕಟ್ಟಿದ್ದು? ಈ ಹುಡುಗಿಗೆ ಯಾಕೆ ಕೊಡಲಿಲ್ಲ?” ಎಂದರು.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಕೊಟ್ಟಿದ್ದರೆ ಒಂಬತ್ತು ದಿನ ಉಳೀತಿತ್ತು,” ಎಂದೆ ನಾನು.

“ಏನಮ್ಮಾ ಇದು, ಸುಮ್ಮಾ ದೊಡ್ಡದು ಮಾಡ್ತೀಯ,” ಎಂದರು ಅವರು. “ಬೆಳಗ್ಗೆ ವಾಕಿಂಗ್ ಹೋಗೋ ಟೈಮಿಗೆ ಆ ಗಾಡಿಗಳು. ಆಸ್ಪತ್ರೆ ಬಟ್ಟೆ, ರೋಗದ ಬಟ್ಟೆ. ವಯಸ್ಸಾದೋರು ಇರೋ ಜಾಗ.”

“ಹೊರಗೆ ತರೋದು ಒಗೆದಿದ್ದು.”

“ಒಳಗೆ ಹೋಗೋದು? ನೋಡು, ನಾನೇನು ಕೆಟ್ಟವನಲ್ಲ. ಪುಸ್ತಕದಲ್ಲಿ ಒಂದು ಪುಟ ಕೊಡೋಣ. ‘ನಮ್ಮ ದೋಬಿಗಳು’ ಅಂತ ಹೆಡ್ಡಿಂಗು. ಆ ಕಿಳವಿದು ಒಂದು ಫೋಟೊ ಹಾಕೋಣ, ಕಲರಲ್ಲೇ. ಮುದ್ರೆ ಮಾತ್ರ ದೊರೆಯದೇ ಇರಲಿ. ಐನೂರು ಟೀ ಶರ್ಟ್ ಹಂಚಿ ಆಗಿದೆಯಮ್ಮಾ.”

ಆಯಾಳನ್ನು ತಾತ್ಸಾರದಿಂದ ಕಿಳವಿ, ಮುದುಕಿ ಎಂದದ್ದಕ್ಕೋ, ಟೀ ಶರ್ಟಿನ ಮಾತಿಗೋ, ನನಗೆ ಮತ್ತೆ ಸಿಟ್ಟು ಬಂತು. ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

“ನನ್ನ ಟಿಪ್ಪಣಿಯನ್ನ ನೀವು ಅರ್ಜಿ ಜೊತೆ ಕೊಟ್ಟಿದೀರಿ. ಸಂಚಿಕೆಗೆ ಅಂದಿದ್ರಿ. ಅದನ್ನ ವಾಪಸ್ ತಗೊಳ್ಳಿ, ಸರ್.”

“ಮತ್ತೆ ಸರ್ ಆಯ್ತಾ?” ಎಂದರು. ದನಿ ಮೊದಲ ಬಾರಿಗೆ ಗಡುಸಾಯಿತು. “ನಮ್ಮವಳು ಅಂತ ಕರೆಸಿದ್ದು ನಾನು. ನಮ್ಮ ಮನೇಲಿ ಕಾಫಿ ಕುಡಿದು ಹೋಗಿ ಅವರ ಕಡೆ ಸಾಕ್ಷಿ ಹೇಳ್ತೀಯಾ?”

ನಾನು ಆ ಕಾಫಿಯನ್ನು ಮುಟ್ಟಿರಲಿಲ್ಲ. ಎದ್ದು ಬಂದೆ.

ಮಳೆಮರದ ಕೆಳಗೆ ನಿಂತು ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿದರು. ನಾವು ಬರೆಯುವುದು ಸಂಘದವರ ಪುಸ್ತಕ, ನಮ್ಮದಲ್ಲ ಎಂದರು. ಆಮೇಲೆ, “ಕಚೇರಿಯ ಹೆಸರಿನಲ್ಲಿ ಏನೂ ಕೊಡಬೇಡ. ನಿನ್ನ ಹೆಸರಿನಲ್ಲಿ ಕೊಟ್ಟರೆ ನಾನು ತಡೆಯುವುದಿಲ್ಲ. ಸೋಮವಾರ ಬಾ, ಮಾತಾಡೋಣ,” ಎಂದರು. ಸೋಮವಾರ ಏನು ಮಾತು ಎಂದು ನಾನು ಕೇಳಲಿಲ್ಲ.

ನನ್ನ ಹೆಸರಿನಲ್ಲಿ ಎಂಬ ಮಾತು ನನಗೆ ಸುಲಭದ್ದಲ್ಲ. ಅಪರಿಚಿತರಿಗೆ ಫೋನ್ ನಂಬರು ಕೊಡಲೂ ಹಿಂಜರಿಯುವವಳು ನಾನು. ನಕಲನ್ನು ಆಯಾಳ ಮಗಳ ಕೈಗೆ ಕೊಟ್ಟರೆ ಅವರೇ ಆಕ್ಷೇಪಣೆ ಸಲ್ಲಿಸಬಹುದು, ಕಾಗದ ಎಲ್ಲಿಂದ ಬಂತೆಂದು ಯಾರೂ ಕೇಳಲಾರರು ಎಂಬ ಯೋಚನೆ ಬಂತು. ಆ ಯೋಚನೆಯನ್ನು ಹೊತ್ತುಕೊಂಡೇ ಓಣಿಯೊಳಕ್ಕೆ ನಡೆದೆ. ಗೇಟು ಇನ್ನೂ ಗೋಡೆಗೆ ಒರಗಿಕೊಂಡಿತ್ತು. ಅದನ್ನು ನಿಲ್ಲಿಸಲು ಎರಡು ಗುಂಡಿ ತೋಡಿಯಾಗಿತ್ತು.

ಆಯಾ ಹೋಟೆಲಿನ ಹೊಸ ಕರವಸ್ತ್ರಗಳಿಗೆ ಗುರುತು ಹಾಕುತ್ತಿದ್ದಳು. ಪತ್ರದಲ್ಲಿ ಏನಿದೆಯೆಂದು ಹೇಳಿದೆ. ಅವಳು ಸೂಜಿ ಎತ್ತದೆ ಕೇಳಿದಳು.

“ಇನ್ನೊಂದು ವಿಷಯ, ಆಯಾ. ಗೋಡೆ ಮೇಲಿನ ಆ ಪಟ್ಟೀಲಿ ಮೂರನೆಯದು...”

“ನಿನ್ನದು. ಗೊತ್ತು. ಓದೋವಾಗ ಮೂರನೇದಕ್ಕೆ ನಿನ್ನ ದನಿ ಇಳೀತು.”

“ಮತ್ತೆ ಅವತ್ತೇ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ಮರುದಿನ ಫೋಟೊ ತರ್ತಿದ್ದೆಯಾ?” ಅವಳು ಒಂದು ಚುಕ್ಕಿ ಇಟ್ಟು, ಸುಣ್ಣ ಒತ್ತಿದಳು. “ನಮ್ಮಲ್ಲಿ ಒಂದು ರೂಢಿ ಇದೆ, ಪಾಪಾ. ತಪ್ಪು ಗುರುತು ಹಾಕಿ ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋದ್ರೆ, ಯಾರು ಹಾಕಿದ್ರೋ ಅವರೇ ಹೋಗಿ ಎರಡೂ ಬಾಗಿಲಲ್ಲಿ ನಿಂತು, ನಾನೇ ಹಾಕಿದ್ದು ಅಂತ ಹೇಳಿ ಬದಲಾಯಿಸಿಕೊಂಡು ಬರಬೇಕು. ಗಂಡನ್ನ ಕಳಿಸೋ ಹಾಗಿಲ್ಲ, ಮಗಳನ್ನ ಕಳಿಸೋ ಹಾಗಿಲ್ಲ. ನಾನೂ ಹೊಸದಾಗಿ ಮದುವೆಯಾಗಿ ಬಂದಾಗ ಜಡ್ಜಿ ಮನೆ ಬಾಗಿಲಲ್ಲಿ ನಿಂತಿದೀನಿ. ಬೈತಾರೆ. ಬೈಲಿ. ಸತ್ತು ಹೋಗಲ್ಲ.”

ನಕಲನ್ನು ಅವಳ ಮಗಳಿಗೆ ಕೊಡುವ ಮಾತನ್ನು ನಾನು ಎತ್ತಲಿಲ್ಲ.

ಓಣಿಯಿಂದ ಹೊರಗೆ ಬಂದಾಗ ಲಾರಿ ನಿಂತಿದ್ದ ಜಾಗದಲ್ಲಿ ಮಾಮಿ ನಿಂತಿದ್ದರು. ಕೈಯಲ್ಲಿ ಜವಳಿ ಅಂಗಡಿಯ ಒಂದು ಚೀಲ. “ಹುಣಿಸೆಮರದ ಮನೆಯದು,” ಎಂದು ಚೀಲವನ್ನು ನನ್ನ ಕೈಗಿಟ್ಟರು. “ಫೋಟೊ ಸಾಲದು ಅಂದ್ರೆ ತೋರಿಸು. ನಮ್ಮತ್ತೆಯದು, ಕೊಡೋಕೆ ನನಗೆ ಯಾರ ಅಪ್ಪಣೆಯೂ ಬೇಡ.” ಕೂಡಲೇ ಹೊರಟುಹೋದರು.

ಮರುದಿನ ಬೆಳಗ್ಗೆ ಪುರಸೈವಾಕ್ಕಂನಿಂದ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು, ಬಾಗಿಲು ತೆರೆಯುವ ಮೊದಲೇ ವಲಯ ಕಚೇರಿಯ ಮೆಟ್ಟಿಲ ಮೇಲೆ ನಿಂತೆ. ಆಕ್ಷೇಪಣೆಯ ನಮೂನೆ ತೆಗೆದುಕೊಂಡು ತಮಿಳಿನಲ್ಲಿ ತುಂಬಿದೆ. ಹೆಸರು ಬರೆದೆ. ಮನೆಯ ವಿಳಾಸವನ್ನು ಬಾಗಿಲ ಸಂಖ್ಯೆ ಸಮೇತ ಪೂರ್ತಿ ಬರೆದೆ. ಮೂಲಪತ್ರದ ನಕಲು, ಭೂಮಾಪನ ನಕ್ಷೆ, ಏಳು ಫೋಟೊಗಳು, ಈ ಬಾರಿ ಕತ್ತರಿಸದೆ, ಕ್ರಮವಾಗಿ ಜೋಡಿಸಿದೆ. ಗುಮಾಸ್ತರು ಮೇಜುಹಾಸನ್ನು ಬಿಡಿಸಿ ನೋಡಿ, ಬಟ್ಟೆಯನ್ನು ಫೈಲಿಗೆ ಹಾಕಲು ಬರುವುದಿಲ್ಲ ಎಂದು ಮಡಿಸಿ ಕೊಟ್ಟರು. ಮಡಿಸುವಾಗ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ, “ಹೋಗೋದೇ ಇಲ್ವಲ್ಲ ಇದು,” ಎಂದರು.

ಆಮೇಲೆ ನಮೂನೆಯ ಮೇಲೆ ಬೆರಳಿಟ್ಟು ಕೇಳಿದರು. “ಒಂದು ಕಾಲಂ ಖಾಲಿ ಬಿಟ್ಟಿದೀರಿ. ಈ ವಿಷಯದಲ್ಲಿ ನಿಮ್ಮ ಸಂಬಂಧ ಏನು? ನೀವು ಕಾಲೊನಿಯವರಾ?”

“ಅಲ್ಲ.”

“ದೋಬಿಖಾನಾದವರಾ?”

“ಅಲ್ಲ.”

“ಹಾಗಾದ್ರೆ?”

ಪೆನ್ನು ತೆಗೆದುಕೊಂಡು ಬರೆದೆ: ಅರ್ಜಿಯ ಜೊತೆಗಿರುವ ಮೂರನೆಯ ಕಾಗದ ತಪ್ಪು. ಅದನ್ನು ಬರೆದವಳು ನಾನು.

ಅವರು ಓದಿದರು, ನನ್ನನ್ನೊಮ್ಮೆ ನೋಡಿದರು, ಮೊಹರು ಒತ್ತಿದರು. ರಸೀದಿ ತೆಗೆದುಕೊಂಡು, ಇನ್ನೊಂದು ಬಾಗಿಲಲ್ಲಿ, ಕಾರ್ಯದರ್ಶಿಯವರ ಮನೆಯ ಮುಂದೆ ನಿಂತು ಅದೇ ಮಾತನ್ನು ಹೇಳಲು ಕಾಲೊನಿಯ ಬಸ್ಸು ಹತ್ತಿದೆ.